ಹೋಂಸ್ಟೇ ಹಾಲ್‌ನಲ್ಲಿ ಕ್ಯಾಮೆರಾ ಇಡಬಹುದೇ? ಅಡುಗೆಮನೆ, ಈಜುಕೊಳಕ್ಕೆ ಏನು ವ್ಯವಸ್ಥೆ?

ತೋಟದಮನೆ_ಮೂಡಿಗೆರೆ

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಕಡೆ ತೋಟದ ಮನೆಯ ನಾಲ್ಕು ರೂಮು ಹೋಂಸ್ಟೇಗೆ ಕೊಡುತ್ತೇವೆ. ನಾವಿರುವುದು ಪಕ್ಕದ ಹಳೇ ಮನೆಯಲ್ಲಿ. ನಾಲ್ಕೂ ರೂಮಿಗೆ ಸೇರಿ ಒಂದೇ ಹಾಲ್, ಒಂದೇ ಅಡುಗೆಮನೆ, ಒಂದು ವಾಷಿಂಗ್ ಮಷೀನ್. ಹಿಂದುಗಡೆ ನಾಲ್ಕೂವರೆ ಅಡಿ ಆಳದ ಸಣ್ಣ ಈಜುಕೊಳ. ಬುಕಿಂಗ್ ಅರ್ಧ ಏರ್‌ಬಿಎನ್‌ಬಿಯಿಂದ, ಅರ್ಧ ನೇರ ಫೋನಿನಲ್ಲಿ.

ಹಾಲ್‌ನಲ್ಲಿ ಈಗ ಒಂದು ವೈಫೈ ಕ್ಯಾಮೆರಾ ಇದೆ. ಹೊಸದಾಗಿ ಇನ್ನೂ ನಾಲ್ಕು ಹಾಕಿಸಬೇಕು ಅಂತಿದ್ದೇವೆ. ಹಾಲ್‌ದು ಉಳಿಸಿಕೊಳ್ಳಬಹುದೇ? ಕೊಳಕ್ಕೆ ಒಂದು ಬೇಕೇ? ಅಡುಗೆಮನೆಯಲ್ಲಿ ಮಿಕ್ಸಿ ಸುಟ್ಟರೆ, ಪಾತ್ರೆ ಕಾಣೆಯಾದರೆ ಯಾರನ್ನು ಕೇಳುವುದು ಅಂತಲೇ ತಿಳಿಯುವುದಿಲ್ಲ, ಅದಕ್ಕೆ ದಾರಿ ಏನು? ಮಂಜು, ಸಿಡಿಲು, ಮಳೆಗಾಲದಲ್ಲಿ ಕರೆಂಟಿಲ್ಲದ ರಾತ್ರಿಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡು ಹೇಳಿ.

ಕೊಡಗು_ಆತಿಥ್ಯ

ಹಾಲ್‌ದು ಇವತ್ತೇ ಬಿಚ್ಚಿಸಿ ಅಕ್ಕ. 2024ರ ಏಪ್ರಿಲ್ 30ರಿಂದ ಏರ್‌ಬಿಎನ್‌ಬಿಯಲ್ಲಿ ಮನೆಯೊಳಗಿನ ಕ್ಯಾಮೆರಾ ಎಲ್ಲಾ ದೇಶಗಳಲ್ಲೂ ನಿಷೇಧ. ಅದಕ್ಕೆ ಮುಂಚೆ ಲಿಸ್ಟಿಂಗ್‌ನಲ್ಲಿ, ಅಂದರೆ ಅಲ್ಲಿನ ಮನೆಯ ವಿವರದ ಪುಟದಲ್ಲಿ ಬರೆದು ಹಾಲ್, ಓಡಾಡುವ ಜಾಗದಲ್ಲಿ ಇಡಬಹುದಿತ್ತು. ಹಳೇ ಸಲಹೆ ನೆಚ್ಚಿಕೊಂಡು ಈಗಲೂ ಹಾಗೇ ನಡೆಸುವವರಿದ್ದಾರೆ. ಆಫ್ ಮಾಡಿ ಇಟ್ಟಿದ್ದೇವೆ ಅಂದರೂ ಒಪ್ಪುವುದಿಲ್ಲ. ಹೊರಗಿನ ಕ್ಯಾಮೆರಾಕ್ಕೆ ಅವಕಾಶ ಇದೆ, ಆದರೆ ಎಲ್ಲಿದೆ ಅಂತ ಬುಕ್ ಮಾಡುವವರಿಗೆ ಮೊದಲೇ ಗೊತ್ತಾಗಬೇಕು, ಅದರ ನೋಟ ಮನೆಯೊಳಗೆ ಬೀಳಬಾರದು. ಗೇಟಿನ ಕ್ಯಾಮೆರಾದಲ್ಲಿ ಕಿಟಕಿಯಾಚೆಯ ಸೋಫಾ ಕಾಣಿಸಿದರೆ ಅದೂ ಒಳಗಿನ ಕ್ಯಾಮೆರಾನೇ.

ಫೋನಿನಲ್ಲಿ ಬುಕ್ ಮಾಡಿದವರಿಗೆ ಈ ನಿಯಮ ಇಲ್ಲವಲ್ಲ ಅಂತ ಬೇರೆ ಲೆಕ್ಕ ಇಡಬೇಡಿ. ಬಚ್ಚಲಿನಿಂದ ಟವೆಲ್ ಸುತ್ತಿಕೊಂಡು ರೂಮಿಗೆ ಹೋಗುವವರು ದಾಟುವುದು ಅದೇ ಹಾಲ್. ಒಪ್ಪಿಗೆ ಇಲ್ಲದೆ ಖಾಸಗಿ ಅಂಗಗಳ ಚಿತ್ರ ಸೆರೆಹಿಡಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲು, ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಹೆಣ್ಣುಮಕ್ಕಳ ಖಾಸಗಿ ಕ್ಷಣಗಳನ್ನು ಕದ್ದು ನೋಡುವುದು, ಚಿತ್ರೀಕರಿಸುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಇದೆ. ಮೊದಲ ಸಲವೇ ಒಂದರಿಂದ ಮೂರು ವರ್ಷ.

ಲಿಸ್ಟಿಂಗ್‌ನಲ್ಲೂ, ಗೇಟಿನ ಹತ್ತಿರ ಬೋರ್ಡಿನಲ್ಲೂ, ಫೋನ್ ಬುಕಿಂಗ್‌ನವರ ವಾಟ್ಸಾಪ್‌ನಲ್ಲೂ ಒಂದೇ ಒಕ್ಕಣೆ ಇರಲಿ: "ಗೇಟ್, ಪಾರ್ಕಿಂಗ್, ಮುಂಬಾಗಿಲ ಹೊರಗೆ, ಈಜುಕೊಳದ ಗೇಟಿನ ಮೇಲೆ ಹೀಗೆ ನಾಲ್ಕು ಕ್ಯಾಮೆರಾ ಇವೆ. ಧ್ವನಿ ದಾಖಲಾಗುವುದಿಲ್ಲ. ದೃಶ್ಯ 30 ದಿನದ ನಂತರ ತಾನಾಗಿ ಅಳಿಯುತ್ತದೆ. ಮನೆಯೊಳಗೆ ಎಲ್ಲೂ ಕ್ಯಾಮೆರಾ ಇಲ್ಲ." "ಸಿಸಿಟಿವಿ ಕಣ್ಗಾವಲಿದೆ" ಅಂತಷ್ಟೇ ಬರೆದರೆ ಎಲ್ಲಿ ಅನ್ನುವ ಅನುಮಾನ ಹಾಗೇ ಉಳಿಯುತ್ತದೆ.

ಹಾಸನ_ಕೇಬಲ್

ಜಾಗಗಳು ಮೇಲೆ ಹೇಳಿದ ನಾಲ್ಕೇ ಸಾಕು. ನೆಲದಿಂದ 9–10 ಅಡಿ ಎತ್ತರ. ಮುಂಬಾಗಿಲಿಗೆ 2.8 ಎಂಎಂ ಲೆನ್ಸ್, ಅಗಲ ನೋಟ ಬರುತ್ತದೆ. ಗೇಟಿಗೂ ಅದನ್ನೇ ಹಾಕುವ ಫಿಟ್ಟರ್‌ಗಳು ಜಾಸ್ತಿ. ಕಾರು ಕಾಣಿಸುತ್ತದೆ, ನಂಬರ್ ಪ್ಲೇಟ್ ಓದಲಾಗುವುದಿಲ್ಲ. ಗೇಟಿಗೆ 6 ಎಂಎಂ ಕೇಳಿ ಹಾಕಿಸಿ.

ಡಿಸ್ಕ್ ಲೆಕ್ಕ: 2 ಮೆಗಾಪಿಕ್ಸೆಲ್ ಕ್ಯಾಮೆರಾ, ಎಚ್.265 (ವಿಡಿಯೋ ಕುಗ್ಗಿಸುವ ವಿಧಾನ), ಸೆಕೆಂಡಿಗೆ 2 ಮೆಗಾಬಿಟ್‌ಗೆ (ಎಂಬಿಪಿಎಸ್) ಸೆಟ್ ಮಾಡಿದರೆ ದಿನಕ್ಕೆ ಸುಮಾರು 21.6 ಜಿಬಿ. ನಾಲ್ಕಕ್ಕೆ 86 ಜಿಬಿ, 30 ದಿನಕ್ಕೆ 2.6 ಟಿಬಿ. 1 ಟಿಬಿ ಡಿಸ್ಕ್ ಕೊಟ್ಟು ತಿಂಗಳು ಬರುತ್ತೆ ಅಂದರೆ ನಂಬಬೇಡಿ, ನಿಲ್ಲುವುದು ಹನ್ನೊಂದು ದಿನ ಅಷ್ಟೇ. 4 ಟಿಬಿ ತೆಗೆದುಕೊಳ್ಳಿ, ಸಿಸಿಟಿವಿಗೆ ಅಂತಲೇ ಬರುವ ಡಿಸ್ಕ್ ಇರಲಿ. ಎನ್‌ವಿಆರ್‌ನಲ್ಲಿ (ಕ್ಯಾಮೆರಾಗಳ ದೃಶ್ಯ ದಾಖಲಿಸುವ ಪೆಟ್ಟಿಗೆ) ದಾಖಲೆಯ ಅವಧಿ 30 ದಿನ ಅಂತ ಗುರುತು ಹಾಕಿ. ಇಲ್ಲದಿದ್ದರೆ ಡಿಸ್ಕ್ ತುಂಬುವವರೆಗೂ ಹಳೆಯದು ಉಳಿದು, ನೀವು ಬೋರ್ಡಿನಲ್ಲಿ ಬರೆದ ಮಾತು ಸುಳ್ಳಾಗುತ್ತದೆ. ಆಡಿಯೋ ಪ್ರತಿ ಕ್ಯಾಮೆರಾಕ್ಕೂ ಬೇರೆ ಬೇರೆಯಾಗಿ ಆಫ್ ಮಾಡಬೇಕು. ಕಿಟಕಿ, ವರಾಂಡ ಫ್ರೇಮಿಗೆ ಬಂದರೆ ಪ್ರೈವಸಿ ಮಾಸ್ಕ್ ಆಯ್ಕೆಯಲ್ಲಿ ಆ ಭಾಗದ ಮೇಲೆ ಕಪ್ಪು ಚೌಕ ಎಳೆಯಿರಿ. ಎಳೆದ ಮೇಲೆ ರೆಕಾರ್ಡ್ ಆದದ್ದನ್ನು ತೆರೆದು ನೋಡಿ, ಲೈವ್ ನೋಟದಲ್ಲಿ ಮಾತ್ರ ಮುಚ್ಚಿದ್ದರೆ ಪ್ರಯೋಜನವಿಲ್ಲ.

ಇನ್ನು ಮಂಜು. ಮಲೆನಾಡಿನಲ್ಲಿ ಕ್ಯಾಮೆರಾ ಕೆಟ್ಟಿದೆ ಅಂತ ಬರುವ ದೂರುಗಳಲ್ಲಿ ಎಷ್ಟೋ ಸಲ ಕ್ಯಾಮೆರಾ ಸರಿಯಾಗೇ ಇರುತ್ತದೆ. ಲೆನ್ಸ್ ಪಕ್ಕದಲ್ಲೇ ಇರುವ ಇನ್‌ಫ್ರಾರೆಡ್ ಎಲ್‌ಇಡಿಯ ಬೆಳಕು ಮಂಜಿನ ಹನಿಗೆ ಬಡಿದು ನೇರ ಲೆನ್ಸಿಗೇ ವಾಪಸು ಬರುತ್ತದೆ, ಪರದೆಯೆಲ್ಲ ಬೆಳ್ಳಗೆ. ಕ್ಯಾಮೆರಾದ ಇನ್‌ಫ್ರಾರೆಡ್ ಆಫ್ ಮಾಡಿ, ಒಂದೆರಡು ಮೀಟರ್ ಪಕ್ಕಕ್ಕೆ ಪ್ರತ್ಯೇಕ ದೀಪ ಹಾಕಿ. ಸಾಮಾನ್ಯ ಎಲ್‌ಇಡಿ ಬಲ್ಬ್ ಆದರೂ ನಡೆಯುತ್ತದೆ. ಅದೇ ಬೆಳಕಿಗೆ ಹುಳ, ಹುಳಕ್ಕೆ ಜೇಡ, ಜೇಡರ ಬಲೆ ಗಾಳಿಗೆ ಅಲ್ಲಾಡಿದಾಗಲೆಲ್ಲ ಫೋನಿಗೆ ಅಲರ್ಟ್. ಮನುಷ್ಯ, ವಾಹನ ಎಂದು ಪ್ರತ್ಯೇಕಿಸುವ ಸೌಲಭ್ಯದ ಮಾದರಿ ತೆಗೆದುಕೊಳ್ಳಿ, ತಿಂಗಳಿಗೊಮ್ಮೆ ಒಣ ಬಟ್ಟೆಯಲ್ಲಿ ಒರೆಸಿ.

ಸಿಡಿಲಿಗೆ ಸುಡುವುದು ಉದ್ದನೆಯ ತಾಮ್ರದ ಕೇಬಲ್‌ನಿಂದ. ಕ್ಯಾಟ್6 ಕೇಬಲ್ 100 ಮೀಟರ್‌ವರೆಗೆ ಕೆಲಸ ಮಾಡುತ್ತದೆ ನಿಜ. ಆದರೆ ಗೇಟ್ ದೂರ ಇದ್ದರೆ ಫೈಬರ್ ಎಳೆದು ಎರಡು ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರನ್ನು ತಾಮ್ರದ ಕೇಬಲ್‌ಗೆ ಜೋಡಿಸುವ ಸಾಧನ) ಹಾಕಿ. ಗೇಟಿನ ಕಡೆಗೆ ಕರೆಂಟ್ ಅಲ್ಲೇ ಬೇಕಾಗುತ್ತದೆ, ಆ ಲೈನಿಗೆ ಸರ್ಜ್ ಪ್ರೊಟೆಕ್ಟರ್, ಸರಿಯಾದ ಅರ್ಥಿಂಗ್ ಎರಡೂ ಇರಲಿ. ಹೊರಗಿನ ಆರ್‌ಜೆ45 (ನೆಟ್‌ವರ್ಕ್ ಕೇಬಲ್ ತುದಿಯ ಪ್ಲಗ್) ಜಾಯಿಂಟ್‌ಗಳು ಜಂಕ್ಷನ್ ಬಾಕ್ಸ್ ಒಳಗೇ ಇರಬೇಕು, ಬರೀ ಇನ್ಸುಲೇಷನ್ ಟೇಪ್ ಸುತ್ತಿದರೆ ಒಂದು ಮಳೆಗಾಲದಲ್ಲಿ ಪಿನ್ ಹಸಿರುಗಟ್ಟುತ್ತದೆ. ಬಾಕ್ಸಿಗೆ ಹೋಗುವ ಮುನ್ನ ಕೇಬಲ್ ಕೆಳಗೆ ಬಾಗಿ ಮೇಲೇರಲಿ, ನೀರು ಬಾಗಿದಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಎನ್‌ವಿಆರ್, ಪಿಒಇ ಸ್ವಿಚ್ (ಒಂದೇ ಕೇಬಲ್‌ನಲ್ಲಿ ಕ್ಯಾಮೆರಾಕ್ಕೆ ಕರೆಂಟನ್ನೂ ನೆಟ್‌ವರ್ಕನ್ನೂ ಕೊಡುವುದು), ರೂಟರ್ ಸೇರಿ ಸುಮಾರು 50 ವ್ಯಾಟ್. ಕಂಪ್ಯೂಟರ್ ಯುಪಿಎಸ್‌ನ 7 ಎಎಚ್ ಬ್ಯಾಟರಿ ಒಂದು ಗಂಟೆ ಬಂದರೆ ಹೆಚ್ಚು. ಮನೆಯ 150 ಎಎಚ್ ಇನ್ವರ್ಟರ್ ಲೈನಿಗೆ ಕೊಡಿ, ಬೇರೆ ಲೋಡ್ ಕಡಿಮೆ ಇದ್ದರೆ ರಾತ್ರಿಯಿಡೀ ನಿಲ್ಲುತ್ತದೆ. ಎನ್‌ವಿಆರ್ ನಿಮ್ಮ ಹಳೇ ಮನೆಯಲ್ಲೇ ಬೀಗದೊಳಗಿರಲಿ. ಅತಿಥಿಗಳ ವೈಫೈ ಬೇರೆ ನೆಟ್‌ವರ್ಕ್ ಆಗಬೇಕು, ಇಲ್ಲದಿದ್ದರೆ ಎನ್‌ವಿಆರ್‌ನ ಲಾಗಿನ್ ಪುಟ ಅವರ ಫೋನಿನಲ್ಲೂ ತೆರೆಯುತ್ತದೆ. ಫಿಟ್ಟರ್ ಇಟ್ಟ ಪಾಸ್‌ವರ್ಡ್ ಅವನು ಹೊರಟ ದಿನವೇ ಬದಲಾಗಲಿ, ಆ್ಯಪ್‌ನಲ್ಲಿ ಅವನ ಖಾತೆಯನ್ನೂ ತೆಗೆದುಹಾಕಿ.

ನೀರು_ಮತ್ತು_ಗ್ಯಾಸ್

ಕೊಳದ ವಿಷಯ ಸ್ವಲ್ಪ ಗಟ್ಟಿಯಾಗೇ ಹೇಳುತ್ತೇನೆ. 2024ರ ನವೆಂಬರ್‌ನಲ್ಲಿ ಮಂಗಳೂರು ಹತ್ತಿರದ ರೆಸಾರ್ಟ್ ಒಂದರ ಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ತೀರಿಕೊಂಡರು. ಎಲ್ಲವೂ ಸಿಸಿಟಿವಿಯಲ್ಲಿ ದಾಖಲಾಗಿತ್ತು. ಕ್ಯಾಮೆರಾ ನೋಡುತ್ತದೆ, ನೀರಿಗೆ ಇಳಿಯುವುದಿಲ್ಲ. ಹಾಗಾಗಿ ನೀರಿನ ಕಡೆಗೆ ಕ್ಯಾಮೆರಾ ತಿರುಗಿಸಬೇಡಿ, ಈಜುವವರಿಗೆ ಮುಜುಗರ ಬಿಟ್ಟರೆ ಅದರಿಂದ ಬೇರೇನೂ ಆಗದು. ಆ ದುಡ್ಡನ್ನು ಬೇಲಿಗೆ ಹಾಕಿ: ನಾಲ್ಕು ಅಡಿಗೆ ಕಡಿಮೆಯಿಲ್ಲದ ಬೇಲಿ, ತಾನಾಗಿ ಮುಚ್ಚಿಕೊಳ್ಳುವ ಗೇಟು, ಮಗುವಿನ ಕೈಗೆ ಎಟುಕದ ಚಿಲಕ. ಆಳವನ್ನು ಎರಡೂ ತುದಿಯ ಅಂಚಿನಲ್ಲಿ ಅಡಿ ಲೆಕ್ಕದಲ್ಲಿ ದೊಡ್ಡದಾಗಿ ಬರೆಸಿ. ತಳ ಎಲ್ಲಿ ಇಳಿಜಾರಾಗುತ್ತದೋ ಅಲ್ಲಿ ಅಡ್ಡಲಾಗಿ ತೇಲುವ ಹಗ್ಗ ಇರಲಿ. ಈಜು ಬಾರದವರು ಜಾರುವುದು ಅಲ್ಲೇ, ಒಬ್ಬರನ್ನು ಹಿಡಿಯಲು ಹೋಗಿ ಇನ್ನೊಬ್ಬರು ಮುಳುಗುವುದೂ ಅಲ್ಲೇ. ಹಗ್ಗ ಕಟ್ಟಿದ ಲೈಫ್ ರಿಂಗ್, ಉದ್ದನೆಯ ಕೊಕ್ಕೆ ಕೋಲು ಕೈಗೆ ಸಿಗುವಲ್ಲಿ ತೂಗುಹಾಕಿ. ನಿಮ್ಮ ಮನೆಯವರು ಯಾರೂ ಕೊಳದ ಹತ್ತಿರ ಇಲ್ಲದ ಹೊತ್ತಿನಲ್ಲಿ ಗೇಟಿಗೆ ಬೀಗ.

ನೀರಿನಲ್ಲಿ ಫ್ರೀ ಕ್ಲೋರಿನ್ (ಕೆಲಸಕ್ಕೆ ಉಳಿದಿರುವ ಕ್ಲೋರಿನ್) 1–3 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 1–3 ಭಾಗ; ಪಿಎಚ್ (ಆಮ್ಲ-ಕ್ಷಾರದ ಅಳತೆ) 7.2–7.8. ಪಿಎಚ್ 8 ದಾಟಿದರೆ ಎಷ್ಟು ಕ್ಲೋರಿನ್ ಸುರಿದರೂ ಕೆಲಸ ಮಾಡುವುದು ಸ್ವಲ್ಪವೇ. ಜೋರು ಮಳೆ ಬಂದ ಮರುದಿನ ತಪ್ಪದೇ ಪರೀಕ್ಷಿಸಿ.

ಅಡುಗೆಮನೆಯಲ್ಲಿ ಒಡೆದ ತಟ್ಟೆಗಿಂತ ದೊಡ್ಡ ಚಿಂತೆ ಗ್ಯಾಸ್. ಸಿಲಿಂಡರ್ ಹೊರಗೆ, ಒಳಗೆ ಪೈಪು. ಒಲೆಗೆ ಹೋಗುವ ರಬ್ಬರ್ ಟ್ಯೂಬಿನ ಮೇಲಿನ ಇಸವಿ ನೋಡಿ, ಐದು ವರ್ಷ ದಾಟಿದ್ದರೆ ಬದಲಿಸಿ. ಎಲ್‌ಪಿಜಿ ಗಾಳಿಗಿಂತ ಭಾರ, ಆದ್ದರಿಂದ ಲೀಕ್ ಅಲಾರಂ ನೆಲದಿಂದ ಒಂದು ಅಡಿಯೊಳಗೆ ಇರಬೇಕು, ಸೂರಿನ ಹತ್ತಿರ ಹಾಕಿದರೆ ಕೂಗುವುದು ತಡ. ಗ್ಯಾಸ್ ಗೀಸರ್ ಬಚ್ಚಲೊಳಗೆ ಇದ್ದರೆ ಹೊರಗಿನ ಗೋಡೆಗೆ ವರ್ಗಾಯಿಸಿ. ಮುಚ್ಚಿದ ಬಚ್ಚಲಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿದರೆ ವಾಸನೆಯೂ ಬರುವುದಿಲ್ಲ, ಒಳಗಿರುವವರಿಗೆ ಬಾಗಿಲು ತೆಗೆಯುವಷ್ಟು ತ್ರಾಣವೂ ಉಳಿಯುವುದಿಲ್ಲ.

ಸಾಮಾನಿನ ಲೆಕ್ಕಕ್ಕೆ ವಿಡಿಯೋ ಸಾಕು. ಬಂದವರನ್ನು ಜೊತೆಯಲ್ಲಿ ನಿಲ್ಲಿಸಿಕೊಂಡೇ ಫೋನಿನಲ್ಲಿ ಎರಡು ನಿಮಿಷದ್ದು ತೆಗೆಯಿರಿ: ಕಪಾಟು ತೆರೆದು, ಮಿಕ್ಸಿ ಒಂದು ಸುತ್ತು ಓಡಿಸಿ, ಫ್ರಿಜ್, ವಾಷಿಂಗ್ ಮಷೀನ್ ತೋರಿಸಿ. ಅಲ್ಲೇ ಅವರ ವಾಟ್ಸಾಪ್‌ಗೆ ಕಳಿಸಿ. ಹೊರಡುವಾಗ ಮತ್ತೆ ಅದೇ ಕ್ರಮ. ನಾಲ್ಕು ರೂಮಿಗೆ ನಾಲ್ಕು ಬಣ್ಣದ ಬುಟ್ಟಿ ಮಾಡಿ, ತಟ್ಟೆ, ಲೋಟ, ಚಮಚ ಆಯಾ ಬುಟ್ಟಿಯಲ್ಲೇ ಕೊಟ್ಟರೆ ಯಾವ ರೂಮಿನಲ್ಲಿ ಏನು ಕಡಿಮೆ ಅಂತ ತಕ್ಷಣ ತಿಳಿಯುತ್ತದೆ.

ಅತಿಥಿ_ಪರವಾಗಿ

ಉಳಿಯಲು ಹೋಗುವವರಿಗೂ ಒಂದು ಮಾತು. ದೀಪ ಆರಿಸಿ, ಮಂಚ ಹಾಗೂ ಬಚ್ಚಲಿಗೆ ಎದುರಾಗಿರುವ ಗಡಿಯಾರ, ಸ್ಮೋಕ್ ಡಿಟೆಕ್ಟರ್, ಚಾರ್ಜರ್ ಅಡಾಪ್ಟರ್‌ಗಳ ಮೇಲೆ ಟಾರ್ಚನ್ನು ಕಣ್ಣಿನ ಮಟ್ಟದಲ್ಲಿ ಹಿಡಿದು ನೋಡಿ, ಲೆನ್ಸ್ ಇದ್ದರೆ ಸಣ್ಣ ಚುಕ್ಕೆ ಮಿನುಗುತ್ತದೆ. ವೈಫೈ ಸ್ಕ್ಯಾನ್ ಆ್ಯಪ್ ಏನೂ ತೋರಿಸಲಿಲ್ಲ ಅಂದರೆ ಏನೂ ಇಲ್ಲ ಅಂತಲ್ಲ, ಮೆಮೊರಿ ಕಾರ್ಡಿಗೆ ಬರೆಯುವ ಕ್ಯಾಮೆರಾ ನೆಟ್‌ವರ್ಕಿಗೇ ಬರುವುದಿಲ್ಲ. ಸಿಕ್ಕರೆ ಕೀಳಬೇಡಿ. ಇದ್ದ ಜಾಗದಲ್ಲೇ ಫೋಟೋ ತೆಗೆದು, ಬಟ್ಟೆ ಮುಚ್ಚಿ, ರೂಮಿನಿಂದ ಹೊರಬಂದು 112ಕ್ಕೆ ಕರೆ ಮಾಡಿ. ಕಾರ್ಡ್ ಪೊಲೀಸರ ಕೈಗೇ ಸಿಗಬೇಕು.

ತೋಟದಮನೆ_ಮೂಡಿಗೆರೆ

ಎಲ್ಲರಿಗೂ ಧನ್ಯವಾದ. ಹಾಲ್ ಕ್ಯಾಮೆರಾ ಬಿಚ್ಚಿಸುತ್ತೇನೆ. ಆದರೆ ರಾತ್ರಿ ಕ್ಯಾಂಪ್‌ಫೈರ್ ಹತ್ತಿರ ಗಲಾಟೆ ಆದರೆ ಗೊತ್ತಾಗುವುದು ಹೇಗೆ?

ಕೊಡಗು_ಆತಿಥ್ಯ

ಸದ್ದಿನ ಮಟ್ಟ ಮಾತ್ರ ಅಳೆಯುವ ಡೆಸಿಬೆಲ್ ಮೀಟರ್ ಸಿಗುತ್ತದೆ, ಮಾತು ದಾಖಲಿಸುವುದಿಲ್ಲ. ಮೊದಲೇ ತಿಳಿಸಿದರೆ ಹಾಲ್‌ನಂಥ ಜಾಗದಲ್ಲಿ ಏರ್‌ಬಿಎನ್‌ಬಿಯೂ ಒಪ್ಪುತ್ತದೆ, ಮಲಗುವ ರೂಮಿನಲ್ಲಿ ಮಾತ್ರ ಬೇಡ. ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಕಾನೂನಿನ ಮಿತಿ 45 ಡೆಸಿಬೆಲ್, ಇದನ್ನು ಬುಕಿಂಗ್ ಮೆಸೇಜ್‌ನಲ್ಲೇ ಹಾಕಿಬಿಡಿ. ಪಕ್ಕದಲ್ಲೇ ನೀವಿರುವುದರಿಂದ ಹತ್ತು ಗಂಟೆಗೆ ಒಮ್ಮೆ ಹೋಗಿ, ಬೆಂಕಿಗೆ ನೀರು ಹಾಕಿಸಿ, ಸ್ಪೀಕರ್ ಒಳಗಿಡಿಸಿ ಬಂದರೆ ಮೀಟರ್ ಬೇಕಾಗುವುದೂ ಇಲ್ಲ ಅಕ್ಕ.