ವರ್ತೂರು ಕೆರೆಯನ್ನು ಕುರಿತ ಕಲಾಕೃತಿ: ನೊರೆಯ ಚಿತ್ರವನ್ನು ಬಿಟ್ಟು ಬೇರೇನು ಮಾಡಬಹುದು?

ಏರಿಯಂಚು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ವರ್ತೂರು ಕೆರೆಯ ಅಚ್ಚುಕಟ್ಟಿನಲ್ಲಿ ನಮ್ಮ ಅಜ್ಜಿಗೆ ಅರ್ಧ ಎಕರೆ ಗದ್ದೆಯಿತ್ತು. ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋದಾಗಲೆಲ್ಲ ತೂಬಿನ ಬಳಿಯ ಕಲ್ಲಿನ ಮೇಲೆ ಕಾಲು ಇಳಿಬಿಟ್ಟು ಕುಳಿತುಬಿಡುತ್ತಿದ್ದೆ. ನೀರಗಂಟಿ ಬಂದು ಗದರುವವರೆಗೂ ಏಳುತ್ತಿರಲಿಲ್ಲ. ಗದ್ದೆಯನ್ನು ಮಾರಿ ಬಹಳ ವರ್ಷಗಳಾದವು. ಚಿತ್ರಕಲೆ ಕಲಿತಿರುವ ನಾನು ಆ ಕೆರೆಯನ್ನು ಕುರಿತು ಏನಾದರೂ ಮಾಡಬೇಕೆಂದು ಎರಡು ವರ್ಷಗಳಿಂದ ಹೆಣಗುತ್ತಿದ್ದೇನೆ. ಆದರೆ ಮಾಡಿದ್ದೆಲ್ಲವೂ ಒಂದೋ ಕೊಕ್ಕರೆ, ತಾವರೆ, ಸಂಜೆಗೆಂಪುಗಳ ಕ್ಯಾಲೆಂಡರ್ ಚಿತ್ರವಾಗುತ್ತದೆ, ಇಲ್ಲವೇ ಕೊಳಚೆಯಿಂದ ಕೋಡಿಯಲ್ಲಿ ಏಳುವ ನೊರೆಯ ಚಿತ್ರವಾಗಿ ಪರಿಸರ ದಿನಾಚರಣೆಯ ಭಿತ್ತಿಪತ್ರದಂತೆ ಕಾಣುತ್ತದೆ. ಮೊದಲನೆಯದು ಸುಳ್ಳು, ಎರಡನೆಯದು ನಿಜವಾದರೂ ನನ್ನದಲ್ಲ. ನನಗಿರುವ ಮಮತೆಯನ್ನು ಈ ಎರಡಕ್ಕೂ ಬೀಳದಂತೆ ರೂಪಕ್ಕೆ ತರುವುದು ಹೇಗೆ? ಜೊತೆಗೆ, ಅಕ್ರಿಲಿಕ್ ಬಣ್ಣವೆಂದರೆ ಪ್ಲಾಸ್ಟಿಕ್ಕೇ ಆದ್ದರಿಂದ ಅದನ್ನು ಕೆರೆಯ ಬಳಿ ಬಳಸಲು ಮನಸ್ಸಿಲ್ಲ. ಬೇರೆ ಸಾಮಗ್ರಿ ಯಾವುದಿದೆ?

ಗೋಡುಮಣ್ಣು:

ಕೆರೆಯ ಚಿತ್ರ ಬರೆಯುವುದನ್ನು ಬಿಟ್ಟು, ಕೆರೆಯೇ ಚಿತ್ರ ಬರೆಯಲು ಒಂದು ಅವಕಾಶ ಮಾಡಿಕೊಡಿ ಎಂದು ನಾನು ಸೂಚಿಸುತ್ತೇನೆ. ಬಟ್ಟೆಗೆ ಬಣ್ಣ ಹಾಕುವ ಕೆಲಸದಲ್ಲಿ ನನಗೆ ಸ್ವಲ್ಪ ಅನುಭವವಿರುವುದರಿಂದ ವಿಧಾನವನ್ನು ವಿವರವಾಗಿಯೇ ಬರೆಯುತ್ತಿದ್ದೇನೆ.

ಕೋರಾ ಬಟ್ಟೆಯನ್ನು ಚೆನ್ನಾಗಿ ಕುದಿಸಿ ಅದರ ಗಂಜಿಯನ್ನು ತೆಗೆಯಿರಿ. ಅಳಲೆಕಾಯಿಯ ಪುಡಿಯನ್ನು ಕಲಸಿದ ನೀರಿನಲ್ಲಿ ಒಂದು ರಾತ್ರಿ ನೆನೆಸಿ ಒಣಗಿಸಿದರೆ ಬಟ್ಟೆ ತೆಳುವಾದ ಹಳದಿಗೆ ಬರುತ್ತದೆ. ಅದನ್ನು ಕೆರೆಯ ಹೂಳಿನಲ್ಲಿ ಕೆಲವು ದಿನ ಹೂತಿಟ್ಟು ತೆಗೆದು ಗಾಳಿಗೆ ಹರವಿ. ಹೂಳಿನಲ್ಲಿರುವ ಕಬ್ಬಿಣದ ಅಂಶವು ಅಳಲೆಕಾಯಿಯಲ್ಲಿರುವ ಟ್ಯಾನಿನ್ ಎಂಬ ಒಗರಿನ ಅಂಶದೊಂದಿಗೆ ಸೇರಿ ಬಟ್ಟೆಯ ಮೇಲೆ ಬೂದುಬಣ್ಣದಿಂದ ಕಪ್ಪಿನವರೆಗಿನ ಛಾಯೆಗಳನ್ನು ಮೂಡಿಸುತ್ತದೆ. ಕಬ್ಬಿಣ ಕಡಿಮೆಯಿರುವ ಕಡೆ ಹಳದಿ ಹಾಗೆಯೇ ಉಳಿಯುತ್ತದೆ. ಕಲಂಕಾರಿಯವರು ತುಕ್ಕು ಹಿಡಿದ ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ಹುಳಿಯಿಸಿ ಕಪ್ಪು ತೆಗೆಯುವುದೂ ಇದೇ ಗುಣವನ್ನು ನಂಬಿ. ತೂಬಿನ ಬಳಿ ಒಂದು, ಏರಿಯ ಬುಡದಲ್ಲಿ ಒಂದು, ಬೆಳ್ಳಂದೂರು ಕೆರೆಯ ನೀರು ಬಂದು ಸೇರುವ ಕಡೆ ಒಂದು, ಹೀಗೆ ಒಂದೇ ಅಳತೆಯ ಬಟ್ಟೆಗಳನ್ನು ಹೂತರೆ ಪ್ರತಿಯೊಂದೂ ಬೇರೆಯಾಗಿ ಬರುವ ಸಾಧ್ಯತೆಯಿದೆ.

ಹೂಳನ್ನೇ ಬಣ್ಣವಾಗಿ ಬಳಿಯುವ ಆಸೆಯಿದ್ದರೆ ಒಂದು ಎಚ್ಚರಿಕೆ. ಗಾಳಿಯಾಡದ ಹೂಳು ಕಪ್ಪಗಿರುವುದು ಹೆಚ್ಚಾಗಿ ಕಬ್ಬಿಣದ ಸಲ್ಫೈಡ್‌ನಿಂದ. ಒಣಗುತ್ತಿದ್ದಂತೆ ಅದು ಕಂದುಬಣ್ಣಕ್ಕೆ ತಿರುಗುತ್ತದೆ. ಕಪ್ಪೇ ಬೇಕೆಂದು ಹಟ ಹಿಡಿದವರು ನಿರಾಶರಾಗುತ್ತಾರೆ, ನಾನೂ ಆಗಿದ್ದೇನೆ.

ಜೊಂಡುಹುಲ್ಲು:

ವಿಧಾನ ಸೊಗಸಾಗಿದೆ, ಆದರೆ ಮೇಲಿನವರು ಮುಖ್ಯವಾದ ಒಂದು ಮಾತನ್ನು ಬಿಟ್ಟಿದ್ದಾರೆ. ವರ್ತೂರಿನ ಹೂಳು ಅಜ್ಜಿಯ ಕಾಲದಲ್ಲಿ ಗಾಡಿಯಲ್ಲಿ ಗದ್ದೆಗೆ ಹೊಡೆಯುತ್ತಿದ್ದ ಗೋಡಲ್ಲ. ದಶಕಗಳ ಕಾಲ ನಗರದ ಕೊಳಚೆ ನೀರನ್ನು ಹೀರಿದ ಹೂಳಿನಲ್ಲಿ ಸೀಸ, ಕ್ಯಾಡ್ಮಿಯಂನಂತಹ ಲೋಹಗಳೂ ರೋಗಾಣುಗಳೂ ಇರುತ್ತವೆಂದೇ ತಿಳಿದು ನಡೆಯಬೇಕು. ಉದ್ದನೆಯ ರಬ್ಬರ್ ಕೈಗವಸು, ಗಂಬೂಟುಗಳಿಲ್ಲದೆ ಇಳಿಯಬೇಡಿ. ಒಣಗಿದ ಹೂಳನ್ನು ಜರಡಿ ಹಿಡಿಯುವಾಗ ಏಳುವ ದೂಳನ್ನು ಉಸಿರಾಡಬೇಡಿ. ಬಟ್ಟೆ ತೊಳೆದ ನೀರನ್ನು ಹೂಕುಂಡಗಳಿಗೆ ಸುರಿಯಬೇಡಿ. ಮಕ್ಕಳನ್ನು ಕರೆದುಕೊಂಡು ಹೋಗಿ ಕಾರ್ಯಾಗಾರ ನಡೆಸುವ ಉತ್ಸಾಹವನ್ನಂತೂ ಖಂಡಿತ ಬಿಟ್ಟುಬಿಡಿ.

ನೀರಿನ ಮೇಲೆ ಹರಡಿರುವ ವಾಟರ್ ಹಯಸಿಂತ್ ಕಳೆಯ ದೇಟುಗಳನ್ನು ಒಣಗಿಸಿ ಬುಟ್ಟಿಯಂತೆ ಹೆಣೆಯಬಹುದು. ಗಿಡದ ತೂಕದಲ್ಲಿ ಶೇ 90ಕ್ಕೂ ಹೆಚ್ಚು ಭಾಗ ನೀರೇ ಆದ್ದರಿಂದ ರಾಶಿ ತಂದರೂ ಉಳಿಯುವುದು ಹಿಡಿಯಷ್ಟು. ಲೋಹಗಳು ಹೆಚ್ಚಾಗಿ ಸೇರಿಕೊಳ್ಳುವುದು ಬೇರಿನಲ್ಲಿ. ಬೇರನ್ನು ಕತ್ತರಿಸಿ ಪ್ರತ್ಯೇಕವಾಗಿ ವಿಲೇವಾರಿ ಮಾಡಿ. ಒಂದು ತುಂಡೂ ಇನ್ನೊಂದು ಕೆರೆಗೆ ಸೇರದಂತೆ ನೋಡಿಕೊಳ್ಳಿ.

ಹಳೇಕೋಡಿ:

ಸಾಮಗ್ರಿಯ ವಿಚಾರ ಆಯಿತು. ನಿಮ್ಮ ಮೊದಲ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವೆಂದು ನನಗನ್ನಿಸಿತು. ನಮ್ಮ ಬೆಂಗಳೂರಿನಲ್ಲಿ ಊರಿನ ದುಃಸ್ಥಿತಿಯನ್ನು ತೋರಿಸುವ ಕಲೆಯೆಂದರೆ ಎಲ್ಲರಿಗೂ ನೆನಪಾಗುವುದು 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿಯವರು ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಇರಿಸಿದ ಮೊಸಳೆಯ ಪ್ರತಿಕೃತಿ. ಅದು ಬಹಳ ಚುರುಕಾದ ಕೃತಿ. ಆದರೆ ಗುಂಡಿಯನ್ನು ಮುಚ್ಚಬಹುದು, ಮುಚ್ಚಿದೊಡನೆ ಕೃತಿಯ ಕೆಲಸ ಮುಗಿಯುತ್ತದೆ. ಕೆರೆಯ ದುಃಖ ಹಾಗೆ ಒಂದು ವಾರದಲ್ಲಿ ಮುಗಿಯುವಂತಹದಲ್ಲವಾದ್ದರಿಂದ ಅದೇ ವರಸೆಯನ್ನು ಇಲ್ಲಿ ಅನುಸರಿಸಿದರೆ ನಿಮ್ಮದು ಮತ್ತೆ ಭಿತ್ತಿಪತ್ರವೇ ಆಗುತ್ತದೆ.

ಅಮೆರಿಕದ ಕಲಾವಿದ ರಾಬರ್ಟ್ ಸ್ಮಿತ್‌ಸನ್ 1970ರಲ್ಲಿ ಯೂಟಾದ ಗ್ರೇಟ್ ಸಾಲ್ಟ್ ಲೇಕ್‌ನಲ್ಲಿ ಕಪ್ಪು ಕಲ್ಲು ಮತ್ತು ಮಣ್ಣಿನಿಂದ ಸುಮಾರು 1,500 ಅಡಿ ಉದ್ದದ ಸುರುಳಿಯನ್ನು ನಿರ್ಮಿಸಿದರು. ನೀರು ಇಳಿದಿದ್ದಾಗ ಕಟ್ಟಿದ್ದರಿಂದ ಕೆಲವೇ ವರ್ಷಗಳಲ್ಲಿ ಅದು ಮುಳುಗಿತು. ಮೂರು ದಶಕಗಳ ಬಳಿಕ ಬರಗಾಲದಲ್ಲಿ, ಮೈಗೆಲ್ಲ ಉಪ್ಪು ಮೆತ್ತಿಕೊಂಡು ಮತ್ತೆ ಕಾಣಿಸಿಕೊಂಡಿತು. ನೀವು ಕೆರೆಯೊಳಗೆ ಅಷ್ಟು ಕಲ್ಲು ಸುರಿಯಬೇಕೆಂದು ನಾನು ಹೇಳುತ್ತಿಲ್ಲ, ದಯವಿಟ್ಟು ಸುರಿಯಬೇಡಿ. ಆ ಕೃತಿ ಯಾವಾಗ ಕಾಣಬೇಕು, ಯಾವ ಬಣ್ಣದಲ್ಲಿರಬೇಕು ಎಂಬುದನ್ನು ಅಲ್ಲಿಯ ನೀರೇ ತೀರ್ಮಾನಿಸುತ್ತದೆ ಎಂಬುದನ್ನಷ್ಟೇ ಗಮನಿಸಿ. ನಿಮ್ಮ ತೊಡಕು ಬಹುಶಃ ಅಲ್ಲಿಯೇ ಇದೆ: ನಿಮ್ಮ ಪ್ರೀತಿಯೆಲ್ಲ ಅಜ್ಜಿಯ ಕೆರೆಗೆ, ಸಿಟ್ಟೆಲ್ಲ ಈಗಿನ ಕೆರೆಗೆ ಹಂಚಿಹೋಗಿದೆ. ಇವೆರಡೂ ಒಂದೇ ನೀರು. ಬಟ್ಟೆ ಹೂಳುವ ಮೊದಲು ಒಂದು ತಿಂಗಳು ಬರಿಗೈಯಲ್ಲಿ ಹೋಗಿ ಕುಳಿತುಕೊಳ್ಳಿ. ನೀರು ಎಲ್ಲಿಯವರೆಗೆ ಬಂದಿತ್ತು, ಗಾಳಿ ಯಾವ ಕಡೆಯಿಂದ ವಾಸನೆ ತರುತ್ತದೆ, ಯಾವ ಹಕ್ಕಿ ಈಗಲೂ ಬರುತ್ತದೆ ಎಂದು ಬರೆದಿಡಿ.

ಜೊಂಡುಹುಲ್ಲು:

ಕೆರೆಯ ಉಸ್ತುವಾರಿ ಹೊತ್ತವರಿಂದ ಲಿಖಿತ ಅನುಮತಿ ಪಡೆಯುವುದನ್ನೂ ಆ ತಿಂಗಳಲ್ಲೇ ಮುಗಿಸಿಕೊಳ್ಳಿ. ಜೊಂಡಿನೊಳಗೆ ಹಕ್ಕಿಗಳು ಗೂಡು ಕಟ್ಟುವ ಮಳೆಗಾಲದಲ್ಲಿ ಆ ಕಡೆ ಕಾಲಿಡಬೇಡಿ.

ಏರಿಯಂಚು:

ಎಲ್ಲರಿಗೂ ಕೃತಜ್ಞತೆಗಳು. ಹಳೇಕೋಡಿಯವರ ಮಾತು ಸ್ವಲ್ಪ ಚುಚ್ಚಿತು, ಏಕೆಂದರೆ ಈ ಎರಡು ವರ್ಷಗಳಲ್ಲಿ ನಾನು ಕೆರೆಗೆ ಹೋಗಿದ್ದು ಮೂರೇ ಸಲ. ಉಳಿದದ್ದೆಲ್ಲವನ್ನೂ ಫೋಟೊ ನೋಡಿಕೊಂಡು ಬರೆದೆ. ಈ ಭಾನುವಾರದಿಂದ ಹೋಗಿ ಕುಳಿತುಕೊಳ್ಳುತ್ತೇನೆ. ಅಜ್ಜಿಯ ಟ್ರಂಕಿನಲ್ಲಿ ಅವರ ಹಳೆಯ ಬಿಳಿ ಹತ್ತಿ ಸೀರೆಯೊಂದಿದೆ. ಗೋಡುಮಣ್ಣು ಅವರೇ, ಬಹಳ ಸಲ ಒಗೆದು ತೆಳ್ಳಗಾಗಿರುವ ಬಟ್ಟೆ ಹೂಳಿನಲ್ಲಿ ಎಷ್ಟು ದಿನ ತಡೆಯಬಹುದು?

ಗೋಡುಮಣ್ಣು:

ಹಳೆಯ ಹತ್ತಿ ಬೇಗ ಕೊಳೆಯುತ್ತದೆ, ಕಬ್ಬಿಣವೂ ನೂಲನ್ನು ತಿನ್ನುತ್ತದೆ. ಮೊದಲು ಸೀರೆಯ ಅಂಚಿನಿಂದ ಅಂಗೈಯಗಲದ ಚೂರನ್ನು ಮಾತ್ರ ಕತ್ತರಿಸಿ ಹೂತು, ಎರಡು ದಿನಕ್ಕೊಮ್ಮೆ ತೆಗೆದು ನೋಡಿ. ಉಳಿದ ಸೀರೆ ಟ್ರಂಕಿನಲ್ಲಿಯೇ ಇರಲಿ.