ಒಸಿಡಿ ಸ್ಕೋರ್ 28ರಿಂದ 19ಕ್ಕೆ ಇಳಿದಿದೆ, ಇದನ್ನು ಸುಧಾರಣೆ ಅನ್ನಬಹುದಾ?

ಪ್ರಶ್ನೆ
ಬೀಗ ಹಾಕಿದೆನಾ, ಗ್ಯಾಸ್ ಆಫ್ ಮಾಡಿದೆನಾ, ಇದೇ ನನ್ನ ಕಾಟ. ಇದು ಒಸಿಡಿ, ಅಂದರೆ ಬೇಡದ ಯೋಚನೆ ಪದೇ ಪದೇ ಬಂದು ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕಾಯಿಲೆ. ಈಗ ಇಆರ್‌ಪಿ ಚಿಕಿತ್ಸೆ ನಡೆಯುತ್ತಿದೆ, ಅಂದರೆ ಭಯವನ್ನು ಎದುರಿಸಿ, ಮತ್ತೆ ನೋಡುವುದನ್ನು ತಡೆಯುವ ಅಭ್ಯಾಸ. ಬೀಗ ಒಂದೇ ಸಲ ಹಾಕಬೇಕು. ಜಗ್ಗಿ ನೋಡುವ ಹಾಗಿಲ್ಲ, ಫೋಟೋ ತೆಗೆಯುವ ಹಾಗಿಲ್ಲ, ಎದೆ ಡವಡವ ಅಂದರೂ ಮೆಟ್ಟಿಲು ಇಳಿಯುತ್ತಿರಬೇಕು. ಒಸಿಡಿಗೆ ಬಳಸುವ ವೈ-ಬಾಕ್ಸ್ ಅನ್ನುವ ಪ್ರಶ್ನೆಗಳ ಫಾರ್ಮಿನಲ್ಲಿ ಶುರುವಿನ ಸ್ಕೋರ್ 28 ಇತ್ತು, ಈಗ 19. ಆದರೆ ವಾಪಸ್ ಹೋಗಿ ನೋಡಬೇಕು ಅನ್ನಿಸುವುದು ನಿಂತಿಲ್ಲ. ಮತ್ತೆ ಈ ಸ್ಕೋರ್ ಏನನ್ನು ಅಳೆಯುತ್ತಿದೆ? ಅಂದಹಾಗೆ, ಅದೇ ಫಾರ್ಮನ್ನು ನಾನೇ ದಿನಾ ರಾತ್ರಿ ತುಂಬಿ ನೋಡುತ್ತೇನೆ. ತೊಂದರೆ ಇಲ್ಲ ಅಲ್ವಾ?

ಉತ್ತರ 1
ನಾನು ಕ್ಲಿನಿಕಲ್ ಸೈಕಾಲಜಿ ವಿದ್ಯಾರ್ಥಿನಿ. 1989ರಲ್ಲಿ ಬಂದ ಈ ಮಾಪನದಲ್ಲಿ ಅಂಕ ಬೀಳುವುದು 10 ಪ್ರಶ್ನೆಗಳಿಗೆ, ಒಟ್ಟು 40. ನಿಮ್ಮ ಕಾಟ ಬೀಗದ್ದೋ ಕೈ ತೊಳೆಯುವುದೋ ಅನ್ನುವುದಕ್ಕೆ ಬೇರೆ ಪಟ್ಟಿ ಇದೆ, ಅದಕ್ಕೆ ಅಂಕವಿಲ್ಲ. ಇಲ್ಲಿ ನೋಡುವುದು ಯೋಚನೆ ಮತ್ತು ಕ್ರಿಯೆ ಎಷ್ಟು ಹೊತ್ತು ತಿನ್ನುತ್ತವೆ, ಕೆಲಸಕ್ಕೆ ಎಷ್ಟು ಅಡ್ಡಿ, ಎಷ್ಟು ಸಂಕಟ, ಎಷ್ಟು ತಡೆದಿರಿ, ಎಷ್ಟು ಹಿಡಿತ ಸಿಕ್ಕಿತು ಅಂತ. ಹಾಗಾಗಿ ವಾಪಸ್ ಹೋಗಿ ನೋಡಬೇಕು ಅನ್ನಿಸುವುದು ಉಳಿದಿದ್ದರೂ ಸ್ಕೋರ್ ಇಳಿಯಬಹುದು.

24ರಿಂದ 31 ತೀವ್ರ, 16ರಿಂದ 23 ಮಧ್ಯಮ. ನೀವು ಒಂದು ಮೆಟ್ಟಿಲು ಇಳಿದಿದ್ದೀರಿ. ಸಂಶೋಧನೆಗಳಲ್ಲಿ ಸಾಮಾನ್ಯವಾಗಿ 35 ಶೇಕಡಾ ಇಳಿದರೆ ಚಿಕಿತ್ಸೆ ಫಲ ಕೊಟ್ಟಿತು ಅನ್ನುತ್ತಾರೆ, ನಿಮ್ಮದು ಸುಮಾರು 32. ಅಂದರೆ ಇನ್ನೊಂದು ಅಂಕ! ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ. ಆ ಗೆರೆ ಎಳೆದಿರುವುದು ಅಧ್ಯಯನಗಳನ್ನು ಹೋಲಿಸಲು, ಮತ್ತು ಅಲ್ಲೂ ವೈದ್ಯರ ಒಟ್ಟಾರೆ ಅಭಿಪ್ರಾಯ ಜೊತೆಗೆ ಬೇಕು.

ಉತ್ತರ 2
ದಿನಾ ರಾತ್ರಿ ಫಾರ್ಮ್ ತುಂಬುವುದಾ? ಸ್ವಾಮಿ, ಬೀಗ ಬಿಟ್ಟು ಫಾರ್ಮ್ ಹಿಡಿದಿದ್ದೀರಿ ಅಷ್ಟೇ. ನನಗೂ ಇದೇ ಕಾಯಿಲೆ, ಗೊತ್ತಾಗುತ್ತದೆ. ಅದು ಕಳೆದ ಒಂದು ವಾರದ್ದನ್ನು ಕೇಳುವ ಫಾರ್ಮ್, ದಿನದ್ದಲ್ಲ. ಇದನ್ನು ಥೆರಪಿಸ್ಟ್‌ಗೆ ಹೇಳಿ, ಇದನ್ನು ತಡೆಯುವುದೂ ಚಿಕಿತ್ಸೆಯ ಅಭ್ಯಾಸದ ಪಟ್ಟಿಗೆ ಸೇರಬೇಕು.

ಪ್ರಶ್ನೆ ಕೇಳಿದವರು
ಅಯ್ಯೋ, ಸಿಕ್ಕಿಬಿದ್ದೆ. ಇವತ್ತು ರಾತ್ರಿ ತುಂಬುವುದಿಲ್ಲ. ಹಾಗಾದರೆ ಹೆಂಡತಿಗೆ ಫೋನ್ ಮಾಡಿ "ಬೀಗ ಹಾಕಿದೀನಿ ತಾನೇ?" ಅಂತ ಸುಮ್ನೆ ಕೇಳುವುದು?

ಉತ್ತರ 1
ಅದೂ ಸೇರುತ್ತದೆ. ಅವರು "ಹಾಕಿದೀರ" ಅಂದರೆ ನೀವು ಜಗ್ಗಿ ನೋಡಿದ ಹಾಗೇ ಆಯಿತು. ಮನೆಯವರು ಹೀಗೆ ಎಷ್ಟು ಸಹಕರಿಸುತ್ತಾರೆ ಅಂತ ಅಳೆಯಲು ಪ್ರತ್ಯೇಕ ಪ್ರಶ್ನಾವಳಿಯೇ ಇದೆ. ಮುಂದಿನ ಸಲ ಅವರನ್ನೂ ಕರೆದುಕೊಂಡು ಹೋಗಿ. ಉತ್ತರ ಕೊಡುವುದನ್ನು ಒಂದೇ ಸಲಕ್ಕೆ ನಿಲ್ಲಿಸುವುದಾ, ನಿಧಾನಕ್ಕೆ ಕಡಿಮೆ ಮಾಡುವುದಾ ಅಂತ ಮೂರೂ ಜನ ಕೂತು ಮಾತಾಡಿ.