‘ಟೈಪ್ ಸ್ಟ್ರೇನ್’ಗೆ ಕನ್ನಡದಲ್ಲಿ ಏನೆನ್ನಬೇಕು? ‘ಮಾದರಿ ತಳಿ’ಯ ಬಗ್ಗೆ ಒಂದು ಆಕ್ಷೇಪ

ಪದವಿ ವಿದ್ಯಾರ್ಥಿಗಳಿಗಾಗಿ ಸಿದ್ಧವಾಗುತ್ತಿರುವ ಸೂಕ್ಷ್ಮಜೀವಿಶಾಸ್ತ್ರದ ಕನ್ನಡ ಬರಹವೊಂದರ ಕರಡನ್ನು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಬ್ಯಾಕ್ಟೀರಿಯಾಗಳಿಗೆ ಹೆಸರಿಡುವ ನಿಯಮಗಳನ್ನು ವಿವರಿಸುವ ಅಧ್ಯಾಯದಲ್ಲಿ ‘ಟೈಪ್ ಸ್ಟ್ರೇನ್’ ಎಂಬ ಒಂದೇ ಪದಕ್ಕೆ ‘ಮಾದರಿ ತಳಿ’, ‘ನಮೂನೆ ತಳಿ’, ‘ಪ್ರರೂಪ ತಳಿ’, ‘ಮೂಲ ತಳಿ’ ಎಂಬ ನಾಲ್ಕು ರೂಪಗಳು ಬೇರೆ ಬೇರೆ ಪುಟಗಳಲ್ಲಿ ಬಂದಿವೆ. ಯಾವುದಾದರೊಂದನ್ನು ಆಯ್ದು ಎಲ್ಲೆಡೆ ಅದನ್ನೇ ಇಟ್ಟರಾಯಿತು ಎಂದು ಮೊದಲು ಅಂದುಕೊಂಡಿದ್ದೆ. ಆದರೆ ಪ್ರತಿಯೊಂದನ್ನೂ ವಾಕ್ಯದಲ್ಲಿಟ್ಟು ಓದಿದಾಗ, ಇವುಗಳಲ್ಲಿ ಯಾವುದೂ ನಿಯಮದ ಅರ್ಥವನ್ನು ಹೇಳುವುದಿಲ್ಲ, ಕೆಲವಂತೂ ಅದಕ್ಕೆ ವಿರುದ್ಧವಾದುದನ್ನೇ ಹೇಳುತ್ತವೆ ಎನ್ನಿಸಿತು. ಆದ್ದರಿಂದ ಈ ಪ್ರಶ್ನೆಯನ್ನು ಬಲ್ಲವರ ಮುಂದಿಡುತ್ತಿದ್ದೇನೆ. (ಇಲ್ಲಿ ‘ಜೀನಸ್’ಗೆ ಕುಲ, ‘ಸ್ಪೀಶೀಸ್’ಗೆ ಪ್ರಭೇದ ಎಂದು ಬಳಸಿದ್ದೇನೆ. ‘ಜಾತಿ’ ಎಂಬುದು ನಮ್ಮ ಪುಸ್ತಕಗಳಲ್ಲಿ ಒಮ್ಮೆ ಒಂದಕ್ಕೆ, ಇನ್ನೊಮ್ಮೆ ಮತ್ತೊಂದಕ್ಕೆ ಬರುವುದರಿಂದ ಅದನ್ನು ಬಿಟ್ಟಿದ್ದೇನೆ.)

ಮೊದಲು ಪದದ ಹಿಂದಿರುವ ವಿಷಯವನ್ನು ಹೇಳಬೇಕು. ಗಿಡವೊಂದಕ್ಕೆ ಹೊಸ ಹೆಸರಿಡುವವರು ಸಾಮಾನ್ಯವಾಗಿ ಅದರ ಒಂದು ರೆಂಬೆಯನ್ನು ಒಣಗಿಸಿ, ಹಾಳೆಗೆ ಅಂಟಿಸಿ, ಸಸ್ಯಸಂಗ್ರಹದಲ್ಲಿ ಇಡುತ್ತಾರೆ. ಆ ಹೆಸರು ಆ ರೆಂಬೆಗೆ ಅಂಟಿಕೊಂಡೇ ಉಳಿಯುತ್ತದೆ. ಬ್ಯಾಕ್ಟೀರಿಯಾಗಳಲ್ಲಿ ಆ ಸ್ಥಾನ ಜೀವಂತ ಕಲ್ಚರಿನದು, ಎಂದರೆ ಪ್ರಯೋಗಾಲಯದಲ್ಲಿ ಬೆಳೆಸಿ ಉಳಿಸಿಕೊಂಡ ಜೀವಿಗಳದು. ಪ್ರೋಕ್ಯಾರಿಯೋಟ್‌ಗಳ (ಬ್ಯಾಕ್ಟೀರಿಯಾ ಮುಂತಾದ, ಕೋಶಕೇಂದ್ರವಿಲ್ಲದ ಜೀವಿಗಳ) ನಾಮಕರಣದ ಅಂತರರಾಷ್ಟ್ರೀಯ ಸಂಹಿತೆಯ ಪ್ರಕಾರ ಪ್ರತಿಯೊಂದು ಪ್ರಭೇದದ ಹೆಸರೂ ಒಂದು ನಿರ್ದಿಷ್ಟ ತಳಿಗೆ ಶಾಶ್ವತವಾಗಿ ಸೇರಿಕೊಂಡಿರುತ್ತದೆ. ಆ ತಳಿಯೇ ‘ಟೈಪ್ ಸ್ಟ್ರೇನ್’. ಪ್ರಭೇದವನ್ನು ಮುಂದೆ ಯಾರಾದರೂ ಎರಡಾಗಿ ಒಡೆದರೆ, ಈ ತಳಿ ಯಾವ ಭಾಗದಲ್ಲಿ ಉಳಿಯುತ್ತದೆಯೋ ಆ ಭಾಗಕ್ಕೇ ಹಳೆಯ ಹೆಸರು. ಇನ್ನೊಂದು ಭಾಗಕ್ಕೆ ಬೇರೆ ಹೆಸರು ಹುಡುಕಬೇಕು. ಬಯಲಿನಲ್ಲಿ ಹಸುವನ್ನು ಗೂಟಕ್ಕೆ ಕಟ್ಟಿ ಮೇಯಲು ಬಿಡುವುದನ್ನು ಇಲ್ಲಿ ನೆನೆಯಬಹುದು. ಹಗ್ಗ ಎಷ್ಟು ಉದ್ದ, ಹಸು ಎಲ್ಲಿಯವರೆಗೆ ಮೇಯಬಹುದು ಎಂಬುದನ್ನು ವರ್ಗೀಕರಣಕಾರರು ತಮ್ಮ ಅಧ್ಯಯನದಿಂದ ನಿರ್ಧರಿಸುತ್ತಾರೆ. ಸಂಹಿತೆ ಕೇಳುವುದು ಗೂಟ ಎಲ್ಲಿದೆ ಎಂದು ಮಾತ್ರ. ಆ ಗೂಟ ಹೊಲದ ನಟ್ಟನಡುವೆಯೇ ಇರಬೇಕಿಲ್ಲ, ಬೇಲಿಯ ಪಕ್ಕದಲ್ಲಿಯೂ ಇರಬಹುದು. ಸಂಹಿತೆಯ 15ನೆಯ ನಿಯಮ ಇದನ್ನು ಬಿಚ್ಚಿಯೇ ಹೇಳುತ್ತದೆ: ಹೆಸರಿಗೆ ಆಧಾರವಾದ ಘಟಕವು ಆ ಗುಂಪಿನ ಅತ್ಯಂತ ವಿಶಿಷ್ಟವಾದ ಅಥವಾ ಪ್ರಾತಿನಿಧಿಕವಾದ ಸದಸ್ಯನಾಗಿರಬೇಕೆಂದೇನೂ ಇಲ್ಲ.

‘ಮಾದರಿ ತಳಿ’ಗೆ ನನ್ನ ಆಕ್ಷೇಪ ಇರುವುದು ಇಲ್ಲಿಯೇ. ಕನ್ನಡದಲ್ಲಿ ‘ಮಾದರಿ’ ಎಂದರೆ ಅನುಕರಣೆಗೆ ಯೋಗ್ಯವಾದದ್ದು (ಮಾದರಿ ಶಾಲೆ, ಮಾದರಿ ಗ್ರಾಮ), ಇಲ್ಲವೇ ಇಡಿಯ ರಾಶಿಯನ್ನು ಪ್ರತಿನಿಧಿಸಲು ತೆಗೆದ ಒಂದಿಷ್ಟು (ರಕ್ತದ ಮಾದರಿ, ಮಣ್ಣಿನ ಮಾದರಿ). ಎರಡು ಅರ್ಥಗಳೂ 15ನೆಯ ನಿಯಮ ಬೇಡವೆಂದದ್ದನ್ನೇ ಒಳಗೆ ತರುತ್ತವೆ. ಇಷ್ಟೇ ಆಗಿದ್ದರೆ ಪಾರಿಭಾಷಿಕ ಪದವೆಂದು ಒಪ್ಪಿಕೊಂಡು ಮುಂದೆ ಹೋಗಬಹುದಿತ್ತು. ಆದರೆ ಪ್ರಯೋಗಗಳಿಗೆ ಮತ್ತೆ ಮತ್ತೆ ಬಳಸುವ ಜೀವಿ, ಅಂದರೆ ‘ಮಾಡೆಲ್ ಆರ್ಗನಿಸಂ’ ಎಂಬುದಕ್ಕೆ ನಾವು ಈಗಾಗಲೇ ‘ಮಾದರಿ ಜೀವಿ’ ಎನ್ನುತ್ತಿದ್ದೇವೆ. ಎಶ್ಚರೀಷಿಯಾ ಕೋಲಿಯನ್ನೇ ತೆಗೆದುಕೊಳ್ಳಿ. ಪ್ರಯೋಗಾಲಯಗಳಲ್ಲಿ ದಶಕಗಳಿಂದ ಸಾಕಿ ಬೆಳೆಸಿದ, ತಳಿಶಾಸ್ತ್ರದ ಬಹುಪಾಲು ತಿಳಿವಳಿಕೆಗೆ ನೆರವಾದ ತಳಿ ಕೆ-12. ಅದನ್ನು 1922ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ರೋಗಿಯಿಂದ ಬೇರ್ಪಡಿಸಲಾಯಿತು. ಆದರೆ ಎಶ್ಚರೀಷಿಯಾ ಕೋಲಿ ಎಂಬ ಹೆಸರು ಕಟ್ಟಿಕೊಂಡಿರುವುದು ಅದಕ್ಕಲ್ಲ. ಮೂತ್ರದಿಂದ ಬೇರ್ಪಡಿಸಿದ ಯು5/41 ಎಂಬ ಬೇರೆಯೇ ತಳಿಗೆ. ಅಮೆರಿಕದ ಸೂಕ್ಷ್ಮಜೀವಿ ಸಂಗ್ರಹವಾದ ಎಟಿಸಿಸಿಯ ಪಟ್ಟಿಯಲ್ಲಿ ಅದರ ಸಂಖ್ಯೆ 11775. ವಂಶವೃಕ್ಷದಲ್ಲಿ ಕೆ-12 ‘ಎ’ ಕವಲಿಗೂ ಯು5/41 ‘ಬಿ2’ ಕವಲಿಗೂ ಸೇರುತ್ತವೆ. ಈಗ ‘ಎಶ್ಚರೀಷಿಯಾ ಕೋಲಿಯ ಮಾದರಿ ತಳಿ’ ಎಂದು ಬರೆದರೆ, ವಿಷಯ ಬಲ್ಲ ಓದುಗರ ಮನಸ್ಸಿಗೆ ಮೊದಲು ಬರುವುದು ಕೆ-12. ಪದ ತಪ್ಪು ತಳಿಯತ್ತ ಕೈ ತೋರಿಸುತ್ತದೆ.

‘ಮೂಲ ತಳಿ’ ಇನ್ನೂ ದೊಡ್ಡ ತೊಡಕು. ಮೂಲ ಎಂದೊಡನೆ ಪೂರ್ವಜ, ಮೊತ್ತಮೊದಲಿನದು ಎಂಬ ಅರ್ಥ ಬಂದುಬಿಡುತ್ತದೆ. ಬ್ಯಾಸಿಲಸ್ ಸಬ್ಟಿಲಿಸ್‌ನ ಕಥೆ ಇದಕ್ಕೆ ಸರಿಯಾದ ಉತ್ತರ. ಎಹ್ರೆನ್‌ಬರ್ಗ್ 1835ರಲ್ಲಿ ಇದನ್ನು ವಿಬ್ರಿಯೊ ಸಬ್ಟಿಲಿಸ್ ಎಂದು ಕರೆದ. 1872ರಲ್ಲಿ ಫರ್ಡಿನಾಂಡ್ ಕೋನ್ ಬ್ಯಾಸಿಲಸ್ ಕುಲವನ್ನು ಸ್ಥಾಪಿಸಿ ಇದನ್ನು ಅಲ್ಲಿಗೆ ತಂದ. ಘನ ಮಾಧ್ಯಮದ ಮೇಲೆ ಶುದ್ಧ ಕಲ್ಚರ್ ಬೆಳೆಸುವ ಕಾಖ್‌ನ ವಿಧಾನ ಪ್ರಕಟವಾದದ್ದು 1881ರಲ್ಲಿ. ಎಂದರೆ ಹೆಸರು ಹುಟ್ಟಿದಾಗ ಎತ್ತಿಡಲು ತಳಿಯೇ ಇರಲಿಲ್ಲ. ಮುಂದೆ ಒಂದೇ ಹೆಸರಿನ ಅಡಿಯಲ್ಲಿ ಎರಡು ಬೇರೆ ಬೇರೆ ಜೀವಿಗಳು ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಹರಡಿದವು. ಒಂದನ್ನು ಮಾರ್ಬುರ್ಗ್ ತಳಿ ಎಂದೂ ಇನ್ನೊಂದನ್ನು ಮಿಷಿಗನ್ ತಳಿ ಎಂದೂ ಕರೆಯುತ್ತಿದ್ದರು. ಎಚ್. ಜೆ. ಕಾನ್ 1930ರಲ್ಲಿ ಇವೆರಡೂ ಒಂದಲ್ಲವೆಂದು ತೋರಿಸಿ, ಕೋನ್‌ನ ವಿವರಣೆಗೆ ಹೊಂದುವುದು ಮಾರ್ಬುರ್ಗ್ ತಳಿಯೇ ಎಂದು ವಾದಿಸಿದರು. ದೊಡ್ಡ ಕೋಶಗಳ ಮಿಷಿಗನ್ ತಳಿ ವಾಸ್ತವವಾಗಿ ಬ್ಯಾಸಿಲಸ್ ಸೀರಿಯಸ್ ಆಗಿತ್ತು. 1936ರಲ್ಲಿ ಲಂಡನ್ನಿನಲ್ಲಿ ಸೇರಿದ ಎರಡನೆಯ ಅಂತರರಾಷ್ಟ್ರೀಯ ಸೂಕ್ಷ್ಮಜೀವಿಶಾಸ್ತ್ರ ಸಮ್ಮೇಳನ ಮಾರ್ಬುರ್ಗ್ ತಳಿಯನ್ನು ಅಂಗೀಕರಿಸಿತು. ಕೋನ್ ಹೆಸರಿಟ್ಟ 64 ವರ್ಷಗಳ ನಂತರ ಗೂಟ ನೆಟ್ಟದ್ದು! ಇದನ್ನು ‘ಮೂಲ’ ಎಂದರೆ ಚರಿತ್ರೆಯನ್ನೇ ತಿರುಚಿದಂತಾಗುತ್ತದೆ.

‘ನಮೂನೆ’ಯನ್ನು ಹೆಚ್ಚು ಚರ್ಚಿಸಬೇಕಿಲ್ಲ, ಅರ್ಜಿ ನಮೂನೆಯ ನೆನಪು ಬರುತ್ತದೆ, ಮತ್ತು ‘ಮಾದರಿ’ಯ ದೋಷವೆಲ್ಲ ಅದಕ್ಕೂ ಅಂಟಿದೆ. ‘ಪ್ರರೂಪ’ಕ್ಕೆ ಆ ದೋಷ ಕಡಿಮೆ, ಆದರೆ ಓದುಗರಿಗೆ ಅದು ಏನನ್ನೂ ಹೊಳೆಯಿಸುವುದಿಲ್ಲ.

ಸಮಾಸದ ಎರಡನೆಯ ಪದ ‘ತಳಿ’ಯ ಬಗ್ಗೆ ನನಗೆ ತಕರಾರಿಲ್ಲ. ಕೊರೊನಾ ಕಾಲದಲ್ಲಿ ಪತ್ರಿಕೆಗಳು ‘ರೂಪಾಂತರಿ ತಳಿ’ ಎಂದು ಬಳಸಿ ಅದನ್ನು ಮನೆಮಾತಾಗಿಸಿವೆ. ಆದರೆ ರಾಗಿಯ ತಳಿ, ಹಸುವಿನ ತಳಿ ಎನ್ನುವಾಗ ಇರುವ ಅರ್ಥಕ್ಕಿಂತ ಇಲ್ಲಿಯ ಅರ್ಥ ಕಿರಿದು: ಒಂದೇ ಬಾರಿ ಶುದ್ಧವಾಗಿ ಬೇರ್ಪಡಿಸಿದ ಜೀವಿಯ ಸಂತತಿ, ಅಂದರೆ ಒಂದೇ ಕಾಲೊನಿಯಿಂದ ಸಾಲಾಗಿ ಮುಂದುವರಿದ ಕಲ್ಚರ್‌ಗಳು. ವಿದ್ಯಾರ್ಥಿಗಳಿಗೆ ವಿವರಿಸಲು ನನಗೆ ಹೆಪ್ಪಿನಷ್ಟು ಒಳ್ಳೆಯ ಹೋಲಿಕೆ ಇನ್ನೊಂದು ಸಿಕ್ಕಿಲ್ಲ. ನಿನ್ನೆಯ ಮೊಸರಿನಿಂದ ಇಂದಿನದು, ಪಕ್ಕದ ಮನೆಯಿಂದ ನಮ್ಮ ಮನೆಗೆ, ಹೀಗೆ ಹೆಪ್ಪು ನಡೆದುಬರುವಂತೆ ತಳಿಯೂ ನಡೆದುಬರುತ್ತದೆ. ಹೆಪ್ಪಿನಲ್ಲಿ ಹಲವು ಬ್ಯಾಕ್ಟೀರಿಯಾಗಳು ಬೆರೆತಿರುತ್ತವೆ, ತಳಿಯಲ್ಲಿ ಹಾಗೆ ಬೆರೆಯುವಂತಿಲ್ಲ ಎಂಬುದನ್ನು ಮಾತ್ರ ಸೇರಿಸಿ ಹೇಳಬೇಕು.

ಇನ್ನು ನನಗೆ ತೋರಿದ ಪರ್ಯಾಯಗಳು. ‘ಒರೆಗಲ್ಲು’ ಎಂಬುದರ ಮೇಲಿಂದ ‘ಒರೆತಳಿ’ ಎನ್ನಬಹುದೇ ಎಂದು ಬಹಳ ದಿನ ಯೋಚಿಸಿದೆ. ಹೊಸದಾಗಿ ಸಿಕ್ಕ ಬ್ಯಾಕ್ಟೀರಿಯಾವನ್ನು ಹತ್ತಿರದ ಪ್ರಭೇದಗಳ ಈ ತಳಿಗಳೊಡನೆಯೇ ಹೋಲಿಸಿ ನೋಡುವುದು ರೂಢಿ. ಜೀನೋಮ್‌ಗಳ ಸರಾಸರಿ ಹೋಲಿಕೆ ಶೇ. 95–96ಕ್ಕಿಂತ ಕಡಿಮೆಯಿದ್ದರೆ ಬೇರೆ ಪ್ರಭೇದವೆಂದು ಎಣಿಸುತ್ತಾರೆ. ಆ ಕೆಲಸಕ್ಕೆ ‘ಒರೆತಳಿ’ ಚೆನ್ನಾಗಿ ಒಪ್ಪುತ್ತದೆ, ಕಿವಿಗೂ ಹಿತ. ಆದರೆ ಒರೆಗಲ್ಲು ತಾನು ಚಿನ್ನವಲ್ಲ. ಈ ತಳಿಯಾದರೋ ಪ್ರಭೇದದ ಒಳಗಿನದೇ. ಆದ್ದರಿಂದ ಸದ್ಯಕ್ಕೆ ನಾನು ‘ಆಧಾರತಳಿ’ಯ ಕಡೆಗೆ ವಾಲಿದ್ದೇನೆ. ಹೆಸರು ಇದನ್ನು ಆಧರಿಸಿ ನಿಂತಿದೆ ಎಂಬಷ್ಟನ್ನು ಅದು ಹೇಳುತ್ತದೆ. ಶ್ರೇಷ್ಠ, ಮೊದಲನೆಯ, ಪ್ರಾತಿನಿಧಿಕ ಎಂಬ ಯಾವ ಹೆಚ್ಚಿನ ಅರ್ಥವನ್ನೂ ತರುವುದಿಲ್ಲ.

ವಾಕ್ಯದಲ್ಲಿಟ್ಟು ನೋಡೋಣ. ಮೇಲಿನ ವಾತಾವರಣದ ಗಾಳಿಯನ್ನು ಬಲೂನಿನ ಮೂಲಕ ಸಂಗ್ರಹಿಸಿದ ಕೊಳವೆಗಳಿಂದ ಬೇರ್ಪಡಿಸಿದ ಮೂರು ಪ್ರಭೇದಗಳನ್ನು ಭಾರತೀಯ ವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದರು: ಜನಿಬ್ಯಾಕ್ಟರ್ ಹಾಯ್ಲಿ, ಬ್ಯಾಸಿಲಸ್ ಇಸ್ರೊನೆನ್ಸಿಸ್, ಬ್ಯಾಸಿಲಸ್ ಆರ್ಯಭಟ್ಟೈ. ಹೆಸರುಗಳನ್ನು ಲ್ಯಾಟಿನ್ ಎಂದೇ ಪರಿಗಣಿಸಬೇಕೆಂಬುದು ನಿಯಮವಾದ್ದರಿಂದ ನಮ್ಮ ಆರ್ಯಭಟನೂ ಲ್ಯಾಟಿನ್ನಿನ ಷಷ್ಠೀ ವಿಭಕ್ತಿಯನ್ನು ಹೊತ್ತು ‘ಆರ್ಯಭಟನ’ ಎಂಬ ಅರ್ಥ ಕೊಡುತ್ತಾನೆ. ಬೆಂಗಳೂರಿನ ಇಸ್ರೋ ‘ಎನ್ಸಿಸ್’ ಪ್ರತ್ಯಯದೊಡನೆ ‘ಇಸ್ರೋಗೆ ಸೇರಿದ’ ಎಂಬ ವಿಶೇಷಣವಾಗುತ್ತದೆ. 2020ರಲ್ಲಿ ಮೂರನೆಯದನ್ನು ಪ್ರೀಸ್ಟಿಯಾ ಕುಲಕ್ಕೆ ವರ್ಗಾಯಿಸಿದರು. ಈಗ ಹೀಗೆ ಬರೆಯಬಹುದು: ‘ಕುಲ ಬದಲಾದರೂ ಆರ್ಯಭಟ್ಟೈ ಪ್ರಭೇದದ ಆಧಾರತಳಿ ಬಿ8ಡಬ್ಲ್ಯು22 ಆಗಿಯೇ ಉಳಿದಿದೆ.’ ಅಲ್ಲಿ ‘ಮಾದರಿ ತಳಿ’ ಎಂದು ಬದಲಿಸಿ ಓದಿದರೆ ವಾಕ್ಯದ ಬಲ ಕುಂದುವುದು ನನಗಂತೂ ಸ್ಪಷ್ಟವಾಗಿ ಕಾಣುತ್ತದೆ.

ಇದರೊಂದಿಗೆ ಹೆಣೆದುಕೊಂಡ ಇನ್ನೊಂದು ಪದವೂ ನನ್ನನ್ನು ಕಾಡುತ್ತಿದೆ. 2001ರ ಜನವರಿ 1ರಿಂದ ಜಾರಿಯಲ್ಲಿರುವಂತೆ, ಹೊಸ ಪ್ರಭೇದದ ಈ ತಳಿಯನ್ನು ಕನಿಷ್ಠ ಎರಡು ದೇಶಗಳಲ್ಲಿರುವ, ಸಾರ್ವಜನಿಕರಿಗೆ ತೆರೆದ ಎರಡು ಸಂಗ್ರಹಗಳಲ್ಲಿ ಜೀವಂತವಾಗಿ ಇಡಬೇಕು, ಕೇಳಿದವರಿಗೆ ಅಲ್ಲಿಂದ ಉಪಕಲ್ಚರ್ (ಅದರಿಂದಲೇ ಬೆಳೆಸಿದ ಹೊಸ ಕಲ್ಚರ್) ಸಿಗಬೇಕು ಎಂದು 30ನೆಯ ನಿಯಮ ಹೇಳುತ್ತದೆ. ಕರಡಿನಲ್ಲಿ ಇದಕ್ಕೆ ‘ಠೇವಣಿ ಇಡಬೇಕು’ ಎಂದಿದೆ. ನಮ್ಮಲ್ಲಿ ಠೇವಣಿ ಇಟ್ಟವರಿಗೇ ಅದರ ಮೇಲೆ ಹಕ್ಕು. ಬೇರೆಯವರು ಕೈ ಹಾಕುವಂತಿಲ್ಲ. ಅದೇ ನಿಯಮವೋ, ಇತರರಿಗೆ ಸಿಗದಂತೆ ಭದ್ರವಾಗಿರಿಸಿದ ತಳಿ, ಪೇಟೆಂಟಿಗಾಗಿ ಮಾತ್ರ ಇಟ್ಟ ತಳಿ ಈ ಸ್ಥಾನಕ್ಕೆ ಸಲ್ಲದು ಎಂದು ಹೊರಗಿಡುತ್ತದೆ. ಆದ್ದರಿಂದ ‘ಸಂಗ್ರಹಕ್ಕೆ ಒಪ್ಪಿಸಬೇಕು’ ಎಂದು ತಿದ್ದಿದ್ದೇನೆ. ಹಾಗೆಯೇ ಚಂಡೀಗಢದ ಸೂಕ್ಷ್ಮಜೀವಿ ಸಂಗ್ರಹ, 1920ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಸಂಗ್ರಹ ಮುಂತಾದವುಗಳ ಹೆಸರಿನಲ್ಲಿರುವ ‘ಟೈಪ್ ಕಲ್ಚರ್’ ಎಂಬುದನ್ನು ‘ಆಧಾರತಳಿ’ ಎಂದು ಅನುವಾದಿಸಬಾರದೆಂದೂ ಗುರುತು ಹಾಕಿದ್ದೇನೆ. ಅಲ್ಲಿರುವ ಎಲ್ಲ ತಳಿಗಳೂ ಈ ಅರ್ಥದಲ್ಲಿ ಹೆಸರಿನ ಆಧಾರಗಳಲ್ಲ.

ನನ್ನ ಪ್ರಶ್ನೆಗಳು ಇವು. ‘ಆಧಾರತಳಿ’ಯನ್ನು ಇದೇ ಅರ್ಥದಲ್ಲಿ ಈಗಾಗಲೇ ಯಾರಾದರೂ ಬಳಸಿದ್ದಾರೆಯೇ, ಇಲ್ಲವೇ ಕೃಷಿ ವಿಜ್ಞಾನದಲ್ಲಿ ಅದಕ್ಕೆ ಬೇರೆ ಅರ್ಥ ನೆಲೆಗೊಂಡಿದೆಯೇ? ಮೊದಲ ತಳಿ ನಾಶವಾದಾಗ ಅದರ ಜಾಗದಲ್ಲಿ ಪ್ರಸ್ತಾಪಿಸುವ, ಪ್ರಕಟವಾಗಿ ಎರಡು ವರ್ಷಗಳಾದ ಮೇಲೆ ಸ್ಥಿರವಾಗುವ ‘ನಿಯೋಟೈಪ್’ ತಳಿಯನ್ನು ‘ಬದಲಿ ಆಧಾರತಳಿ’ ಎಂದರೆ ಸಾಕೇ, ಅಥವಾ ‘ಬದಲಿ’ ಎಂಬುದು ಅದರ ಸ್ಥಾನವನ್ನು ಕೀಳಾಗಿಸುತ್ತದೆಯೇ? ತಳಿಯ ಸಂಖ್ಯೆಯ ಪಕ್ಕದಲ್ಲಿ ಮೇಲೆತ್ತಿ ಬರೆಯುವ ರೋಮನ್ ‘ಟಿ’ ಅಕ್ಷರವನ್ನು ಹಾಗೆಯೇ ಉಳಿಸಬೇಕೆಂದು ನನ್ನ ಅಭಿಪ್ರಾಯ, ಏಕೆಂದರೆ ವಿದ್ಯಾರ್ಥಿ ನಾಳೆ ಓದುವ ಪ್ರಬಂಧದಲ್ಲಿ ಅದೇ ಇರುತ್ತದೆ. ಆದರೆ ಅದರ ಜಾಗದಲ್ಲಿ ‘ಆ’ ಎಂದು ಬರೆಯಬೇಕೆನ್ನುವವರು ಇದ್ದರೆ ಅವರ ಕಾರಣಗಳನ್ನೂ ಕೇಳಲು ಬಯಸುತ್ತೇನೆ.